ತೊಟ್ಟಿಗೊಂದು ಟೈಮರ್

ಒಂದು ಬಟ್ಟೆ ಮಿಲ್ಲಿನಲ್ಲಿ ಒಬ್ಬಳು ಟೈಪಿಸ್ಟಮ್ಮ. ಹದಿನೆಂಟು ವರ್ಷ ಕೀಲಿ ಬಡಿದು ಬಡಿದು ಬೆರಳು ಸವೆಸಿಕೊಂಡವಳು, ನಲವತ್ತೆರಡನೇ ವಯಸ್ಸಿನಲ್ಲಿ ಹಟ ಹಿಡಿದು ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿತಳು. ಮ್ಯಾನೇಜರು ಹೇಳಿದ್ದು ಇಷ್ಟೇ: ಬಟ್ಟೆ ಅದ್ದುವ ಬಣ್ಣದ ತೊಟ್ಟಿಗಳಿಗೆ ಟೈಮರ್ ಮಾಡಿ ತೋರಿಸಿದರೆ ಕಂಪ್ಯೂಟರ್ ವಿಭಾಗಕ್ಕೆ ವರ್ಗ, ಇಲ್ಲವಾದರೆ ಅದೇ ಹಳೇ ಕುರ್ಚಿ. ಗಡುವು ಇವತ್ತು ಮೂರು ಗಂಟೆ.

ಟೈಮರ್ ಅಂದರೆ ಏನು ಮಹಾ? ಶುರು ಅಂದಾಗ ಹೊತ್ತು ಬರೆದಿಟ್ಟುಕೊಳ್ಳಬೇಕು, ಕೇಳಿದಾಗ ಎಷ್ಟಾಯಿತೆಂದು ಹೇಳಬೇಕು. ಎಲ್ಲ ಟೈಮರಿಗೂ ಅಚ್ಚಾಗುವ ಒಂದು ಕ್ಲಾಸ್, ಮೂವತ್ತು ಸಾಲು. ಒಂದು ತೊಟ್ಟಿಗೆ ಗುಂಡಿ ಒತ್ತಿದರೆ ಜಾಣ ಮಗುವಿನ ಹಾಗೆ ಎಣಿಸುತ್ತಿತ್ತು. ಎರಡನೆಯದಕ್ಕೆ ಒತ್ತಿದ್ದೇ ತಡ, ಮೊದಲನೆಯದು ತನ್ನ ಹನ್ನೆರಡು ನಿಮಿಷ ಮರೆತು ಸೊನ್ನೆಗೆ ಬಂದು ಕೂರುತ್ತಿತ್ತು. ಮೂರು ದಿನದಿಂದ ಇದೇ ಗೋಳು. ಎಲ್ಲ ಅಳಿಸಿ ಹೊಸದಾಗಿ ಬರೆದರೂ ಅದೇ ರಾಗ.

ಎರಡೂವರೆಗೆ ಬಣ್ಣದ ಮೇಸ್ತ್ರಿ ನೀಲಿ ಕೈ ಒರೆಸಿಕೊಳ್ಳುತ್ತಾ ಬಂದ.

“ಏನಮ್ಮಾ, ನಿಮ್ಮ ಗಡಿಯಾರದ ಮರೆವು ಇನ್ನೂ ವಾಸಿ ಆಗ್ಲಿಲ್ವಾ?”

“ತಲೆ ತಿನ್ಬೇಡಿ ಮೇಸ್ತ್ರಿ. ನಾಲ್ಕು ತೊಟ್ಟಿಗೆ ನಾಲ್ಕು ಟೈಮರ್ ಬೇರೆ ಬೇರೆ ಮಾಡಿದೀನಿ. ಆದ್ರೂ ಒಂದನ್ನ ಮುಟ್ಟಿದ್ರೆ ಇನ್ನೊಂದು ಕುಣಿಯುತ್ತೆ.”

“ನಾನು ತೊಟ್ಟಿಗೊಂದು ಸ್ಲೇಟು ನೇತುಹಾಕಿದೀನಪ್ಪ. ಬಟ್ಟೆ ಇಳಿಸಿದ ಹೊತ್ತು ಅದರ ಮೇಲೇ ಬರೀತೀನಿ. ನೀವೆಲ್ಲಿ ಬರೀತೀರಾ?”

ಗದರಲು ಬಾಯಿ ತೆರೆದವಳು ಪರದೆಯತ್ತ ತಿರುಗಿದಳು. ಟೈಮರ್ ನಾಲ್ಕು, ನಿಜ. ಆದರೆ ಶುರುವಾದ ಹೊತ್ತನ್ನು ಇಡುವ ಸಾಲಿನಲ್ಲಿ ‘ಸ್ಟ್ಯಾಟಿಕ್’ ಅಂತ ಬರೆದಿದ್ದಳು. ಆ ಪದವಿದ್ದರೆ ಇಡೀ ಕ್ಲಾಸಿಗೆ ಒಂದೇ ಸ್ಲೇಟು. ಯಾವ ತೊಟ್ಟಿ ಬಂದರೂ ಹಳೆಯದನ್ನು ಒರೆಸಿ ತನ್ನದನ್ನು ಗೀಚುತ್ತದೆ. ಮೊದಲ ದಿನ ಕಂಪ್ಯೂಟರು ತಪ್ಪು ತಪ್ಪು ಎಂದು ಕಿರಿಕಿರಿ ಮಾಡಿದಾಗ ಅದರ ಬಾಯಿ ಮುಚ್ಚಿಸಲು ತಾನೇ ತುರುಕಿದ ಪದ. ಹೊಸದಾಗಿ ಬರೆದಾಗಲೂ ಕೈ ತಾನಾಗಿ ಅದನ್ನೇ ಬಡಿದಿತ್ತು.

ಆ ಒಂದು ಪದ ಅಳಿಸಿದಳು. ಈ ಸಲ ಕಂಪ್ಯೂಟರು ಕಿರಿಕಿರಿ ಮಾಡಲಿಲ್ಲ.

ಮೂರಕ್ಕೆ ಮ್ಯಾನೇಜರು ಬಂದು ಒಂದೇ ಗುಂಡಿ ಒತ್ತಿ, ಹತ್ತು ಸೆಕೆಂಡು ನೋಡಿದರು. “ಓಡ್ತಿದೆ. ಆದ್ರೆ ಇಷ್ಟಕ್ಕೆ ಮೂರು ದಿನಾನಾ? ಇನ್ನೂ ಸ್ವಲ್ಪ ದಿನ ಟೈಪಿಂಗಲ್ಲೇ ಇರಿ, ನೋಡೋಣ.”

ಅವಳಿಗೆ ಮೈಯೆಲ್ಲ ಉರಿಯಿತು. “ಹೋಗ್ಬೇಡಿ ಸರ್. ಎರಡನೇದನ್ನ ಒತ್ತಿ. ಮೂರನೇದನ್ನೂ ಒತ್ತಿ.”

ಒತ್ತಿದರು. ಯಾವುದೂ ಯಾವುದರ ಲೆಕ್ಕವನ್ನೂ ಕೆಡಿಸಲಿಲ್ಲ.

“ಎಲ್ಲಾ ಓಡ್ತಿವೆ. ಅದ್ರಲ್ಲೇನು?”

“ಒಂದು ಇನ್ನೊಂದನ್ನ ಕೆಡಿಸಲ್ಲ ಸರ್. ಅದಕ್ಕೇ ಆ ಮೂರು ದಿನ.”

“ನನ್ನ ತೊಟ್ಟಿಗೆ ಇದೇ ಬೇಕು ಸಾರ್,” ಅಂದ ಅಲ್ಲೇ ನಿಂತಿದ್ದ ಮೇಸ್ತ್ರಿ. “ಕೆಟ್ರೆ ನೋಡೋಕೆ ಇವರೇ ಬೇಕು.”

ಮ್ಯಾನೇಜರು ಗಡಿಯಾರ ನೋಡಿಕೊಂಡರು. “ಆಯ್ತು ಬಿಡಿ. ವರ್ಗದ ಆದೇಶ ಟೈಪ್ ಮಾಡ್ಸಿ ಕಳ್ಸಿ, ಸಹಿ ಹಾಕ್ತೀನಿ.”

ಇಡೀ ಮಿಲ್ಲಿಗೆ ಟೈಪಿಸ್ಟ್ ಒಬ್ಬಳೇ. ಹಲ್ಲು ಕಚ್ಚಿಕೊಂಡು ಟೈಪ್‌ರೈಟರಿಗೆ ಕಾಗದ ಏರಿಸಿದಳು.