ಗುಬ್ಬಿಗೆ ಬರೆದ ನಲವತ್ತೆರಡು ನಿಮಿಷ

2004ರ ಜನವರಿ 18, ಭಾನುವಾರ. ಬೆಳಿಗ್ಗೆ ಹತ್ತೂಕಾಲು. ಗುಬ್ಬಿಯಲ್ಲಿ ನನ್ನ ಹಳೆಯ ಸ್ನೇಹಿತರ ಮನೆ. ಪಡಸಾಲೆಯಲ್ಲಿ ಇದ್ದವರು ಮೂವರು: ಸ್ನೇಹಿತರು, ಅವರ ಹೆಂಡತಿ, ನಾನು. ತುಮಕೂರಿನಿಂದ ನಾನು ಹೋಗಿದ್ದದ್ದು ಒಂದೇ ಕೆಲಸಕ್ಕೆ, ತಪ್ಪು ಒಪ್ಪಿಕೊಳ್ಳುವುದಕ್ಕೆ. ಬಸ್ಸಿನಲ್ಲಿ ಮೂರು ಸಲ ಮನಸ್ಸಿನಲ್ಲೇ ಹೇಳಿ ನೋಡಿಕೊಂಡಿದ್ದ ಮಾತು, ಕಾಫಿ ಲೋಟ ಖಾಲಿಯಾದರೂ ಬಾಯಿಗೆ ಬರಲಿಲ್ಲ.

ನಾನು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟರಾಗಿದ್ದವನು. ಅವರು ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್. ಊರವರು ಅವರನ್ನು ಡಾಕ್ಟ್ರೇ ಎಂದು ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. 1991ರಲ್ಲಿ ಕುಣಿಗಲ್ಲಿನ ಒಂದೇ ವಠಾರದಲ್ಲಿ ಇದ್ದಾಗ ನಮ್ಮಿಬ್ಬರಿಗೆ ಚೆಸ್ ಸಮಸ್ಯೆ ಬಿಡಿಸುವ ಹುಚ್ಚು ಹತ್ತಿತು. ಆಟವಲ್ಲ, ಸಮಸ್ಯೆ: ಬಿಳಿ ನಡೆಯಬೇಕು, ಇಷ್ಟು ನಡೆಯೊಳಗೆ ಕರಿಯ ರಾಜನನ್ನು ತಪ್ಪಿಸಿಕೊಳ್ಳಲಾಗದಂತೆ ಕಟ್ಟಿಹಾಕಿ ಮೇಟ್ ಮಾಡಬೇಕು. ಕಾಯಿ ಮುಟ್ಟುವಂತಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಕಣ್ಣಲ್ಲೇ ಬಿಡಿಸಬೇಕು. ನಾನು ಶಾಲೆಯ ಸ್ಟಾಪ್‌ವಾಚ್ ಹಿಡಿಯುತ್ತಿದ್ದೆ.

1994ರಲ್ಲಿ ಅವರಿಗೆ ಗುಬ್ಬಿಗೆ, ನನಗೆ ತುಮಕೂರಿಗೆ ವರ್ಗವಾಯಿತು. ಆಮೇಲೆ ಸಮಸ್ಯೆ ಕಳಿಸುವುದು, ಉತ್ತರ ಬರೆಯುವುದು ಎಲ್ಲ ಪೋಸ್ಟ್ ಕಾರ್ಡಿನಲ್ಲಿ. ಉತ್ತರ ಬರೆದು, ಕೆಳಗೆ ಬಲಮೂಲೆಯಲ್ಲಿ ಹಿಡಿದ ಸಮಯ ಬರೆಯುವುದು ಪದ್ಧತಿ. ಬಿಡಿಸಲು ಆಗದಿದ್ದರೆ ಸೋತೆ ಎಂದು ಬರೆಯಬೇಕು. ಅಲ್ಲಿ ಯಾರೂ ನೋಡುವವರಿಲ್ಲ. ಮೂಲೆಯಲ್ಲಿ ಬರೆದದ್ದೇ ನಿಜ.

2003ರಲ್ಲಿ ಮಗಳು ಪ್ರಶ್ನೆಪತ್ರಿಕೆ ಟೈಪು ಮಾಡಲೆಂದು ಮನೆಗೆ ಕಂಪ್ಯೂಟರ್ ತಂದಳು, ಜೊತೆಗೆ ಒಂದು ಚೆಸ್ ಸೀಡಿ. ಮೊದಮೊದಲು ನಾನು ಬಿಡಿಸಿದ ಮೇಲೆ ಸರಿಯೇ ಎಂದು ನೋಡಲು ಮಾತ್ರ ಕೂತೆ. ಆಮೇಲೆ ಎರಡು ಸಲ ಮೊದಲ ನಡೆ ಮಾತ್ರ ನೋಡಿಕೊಂಡು ಉಳಿದದ್ದನ್ನು ನಾನೇ ಬಿಡಿಸಿದೆ. ಸಮಯ ಬರೆಯುವಾಗ ಕೈ ಸ್ವಲ್ಪ ತಡೆಯಿತು, ಬರೆದೆ.

ಡಿಸೆಂಬರಿನಲ್ಲಿ ಅವರು ತಾವೇ ಕಟ್ಟಿದ ಸಮಸ್ಯೆಯೊಂದನ್ನು ಕಳಿಸಿದರು. ನಾಲ್ಕು ನಡೆಯ ಮೇಟ್. ಮೂರು ತಿಂಗಳು ಕೂತು ಕಟ್ಟಿದ್ದು, ಪತ್ರಿಕೆಗೆ ಕಳಿಸುವ ಮೊದಲು ನೀವು ನೋಡಿ ಎಂದಿದ್ದರು. ನನ್ನ ಚೆಸ್ ಸಮಯ ಬೆಳಿಗ್ಗೆ ಆರರಿಂದ ಏಳು. ಮೂರು ಬೆಳಿಗ್ಗೆ ನೋಡಿದೆ. ಆನೆಯಿಂದ ಶುರು ಎಂಬ ವಾಸನೆ ಬರುತ್ತಿತ್ತು, ದಾರಿ ಕಾಣುತ್ತಿರಲಿಲ್ಲ. ಆದರೂ ಆ ಮೂರು ಗಂಟೆ ಅವರ ಜೊತೆಯಲ್ಲೇ ಇದ್ದ ಹಾಗಿತ್ತು. ಇಲ್ಲಿ ಪ್ಯಾದೆ ಯಾಕಿಟ್ಟರು, ನನ್ನನ್ನು ಎಲ್ಲಿಗೆ ಎಳೆಯುತ್ತಿದ್ದಾರೆ ಎಂದು ಅವರ ಬುದ್ಧಿಯನ್ನೇ ಓದುತ್ತಿದ್ದೆ. ನಾಲ್ಕನೇ ಬೆಳಿಗ್ಗೆ ಕಂಪ್ಯೂಟರ್ ಹಾಕಿದೆ. ಕಾಫಿ ಆರುವ ಮೊದಲೇ ಉತ್ತರ ಬಂತು. ಆನೆಯಿಂದಲೂ ಆಗುತ್ತದೆ, ಕುದುರೆಯಿಂದಲೂ ಆಗುತ್ತದೆ. ಎರಡು ಉತ್ತರವಿರುವ ಸಮಸ್ಯೆ ಕೆಟ್ಟ ಹಾಗೇ.

ನಾನು ಎರಡೂ ಉತ್ತರ ಬರೆದೆ. ‘ನಿಮ್ಮ ಸಮಸ್ಯೆಯಲ್ಲಿ ತೂತಿದೆ ಡಾಕ್ಟ್ರೇ’ ಎಂದೂ ಬರೆದೆ. ಮೂಲೆಯಲ್ಲಿ ನಲವತ್ತೆರಡು ನಿಮಿಷ ಎಂದು ಬರೆದು, ನಡೆದುಹೋಗಿ ಡಬ್ಬಿಗೆ ಹಾಕಿ ಬಂದೆ.

ಆಮೇಲೆ ಅವರಿಂದ ಕಾರ್ಡೇ ಇಲ್ಲ. ಐದು ವಾರದ ಮೇಲೆ ಅವರ ಹೆಂಡತಿ ಫೋನು ಮಾಡಿದರು. “ಅಣ್ಣಾ, ಇವ್ರು ಬೋರ್ಡ್ ಎತ್ತಿ ಅಟ್ಟಕ್ಕೆ ಹಾಕವ್ರೆ. ಹಸುಗೆ ಇಂಜೆಕ್ಷನ್ ಕೊಡಿ ಅಂತ ಬಂದೋರ್ನೂ ವಾಪಸ್ ಕಳಿಸ್ತವ್ರೆ. ಡೋಸು ಮರೆತೋದ್ರೆ ಅಂತಾರೆ. ಹುಲಿಯೂರುದುರ್ಗದಲ್ಲಿ ಇವ್ರ ಅಣ್ಣಂಗೆ ಮರೆವು ಬಂತಲ್ಲ, ಹಂಗೇ ತಮ್ಗೂ ಬಂದದೆ ಅಂತ.” ಮೂರು ತಿಂಗಳು ದಿಟ್ಟಿಸಿದರೂ ತಮಗೆ ಕಾಣದ ಕುದುರೆ ಮೇಷ್ಟ್ರಿಗೆ ನಲವತ್ತೆರಡು ನಿಮಿಷಕ್ಕೆ ಕಂಡಿತಲ್ಲ ಎಂಬುದೇ ಅವರಿಗೆ ಸಾಕ್ಷಿ.

ಅದಕ್ಕೇ ಆ ಭಾನುವಾರ ಹೋದದ್ದು. ಕೊನೆಗೆ ಲೋಟ ಕೆಳಗಿಟ್ಟು ಹೇಳಿದೆ. “ಡಾಕ್ಟ್ರೇ, ಆ ಕುದುರೆ ನಾನು ಕಂಡಿದ್ದಲ್ಲ.”

“ಮತ್ತ್ಯಾರು?”

“ಮಗಳ ಕಂಪ್ಯೂಟರು. ಮೂರು ದಿನ ನೋಡಿದೆ, ನನಗೆ ಆನೆ ಉತ್ತರವೂ ಬರಲಿಲ್ಲ.”

ಹೆಂಡತಿಯೇ ಶುರು ಮಾಡಿದರು. “ಅಯ್ಯೋ ನಿಮ್ಮ! ಇವ್ರು ದಿನಾ ಸಂಜೆ ನನ್ನ ಮುಂದೆ ಕೂರಿಸ್ಕೊಂಡು, ಬೆಳಗ್ಗೆ ನಾನು ಏನ್ ತಿಂದೆ ಕೇಳೇ, ನಿನ್ನೆ ಯಾರ್ ಬಂದಿದ್ರು ಕೇಳೇ ಅಂತ ಪ್ರಾಣ ತಿಂದವ್ರೆ. ನಾನೇನ್ ಇಸ್ಕೂಲ್ ಮೇಡಮ್ಮಾ?”

ಅವರು ನನ್ನನ್ನೇ ನೋಡುತ್ತಾ ಕೇಳಿದರು. “ನಲವತ್ತೆರಡು ಯಾಕೆ ಬರೆದ್ರಿ? ನಲವತ್ತು ಅನ್ಬೋದಿತ್ತು.”

“ನಲವತ್ತು ಅಂದ್ರೆ ಅಂದಾಜಿನ ಹಾಗೆ ಕಾಣುತ್ತೆ ಅಂತ.”

“ಓಟದಲ್ಲಿ ಮಕ್ಕಳಿಗೆ ಅರ್ಧ ಸೆಕೆಂಡೂ ಬಿಟ್ಟುಕೊಡ್ತಿರಲಿಲ್ಲ ನೀವು.” ಅವರು ನಗುತ್ತಾರೆಂದು ಕಾದೆ. ನಗಲಿಲ್ಲ. “ತೂತು ತೋರಿಸಿದ್ದಕ್ಕೆ ನಂಗೆ ಬೇಜಾರಿಲ್ಲ ಮೇಷ್ಟ್ರೇ. ಕಂಪ್ಯೂಟರ್ ಅಂತ ಒಂದು ಮಾತು ಬರೆದಿದ್ರೆ, ಪರವಾಗಿಲ್ಲ ಬುಡು ಅಂತ ಆವತ್ತೇ ಸರಿಮಾಡಕ್ಕೆ ಕೂತ್ಕೋತಿದ್ದೆ. ಆರು ವಾರ ನನ್ ತಲೇನೇ ನಾನು ನಂಬಲಿಲ್ಲವಲ್ಲ.”

ತಪ್ಪಾಯಿತು ಎಂದೆ. ಆ ಮಾತಿಗೆ ತೂಕವೇ ಇರಲಿಲ್ಲ. ಅಣ್ಣನ ಮರೆವಿನ ವಿಷಯ ನನಗೆ ಮೊದಲೇ ಗೊತ್ತಿತ್ತು. ಡಬ್ಬಿಗೆ ಕಾರ್ಡು ಹಾಕುವಾಗ ನೆನಪಾಗಬೇಕಿತ್ತು. ಆಗ ನನ್ನ ಮನಸ್ಸಿನಲ್ಲಿದ್ದದ್ದು ಅದನ್ನು ಓದಿ ಅವರು ಬೆರಗಾಗುವ ಮುಖ ಮಾತ್ರ.

ಅವರ ಹೆಂಡತಿ ಸ್ಟೂಲು ಹತ್ತಿ ಬೋರ್ಡು ಇಳಿಸಿ ಮುಂದಿಟ್ಟರು. ಅವರು ಕಾಯಿ ಜೋಡಿಸಿ, ಕೈ ಹಿಂದೆ ಕಟ್ಟಿ ಕೂತರು. ನಾನು ಬಾಯಿ ಹಾಕಲಿಲ್ಲ, ವಾಚೂ ನೋಡಲಿಲ್ಲ. ಒಳಗೆ ಒಗ್ಗರಣೆ ಚಟಪಟ ಎಂದಿತು, ಕುಕ್ಕರ್ ಕೂಗಿ ಸುಮ್ಮನಾಯಿತು. ಆಮೇಲೆ ಅವರು ಒಂದು ಕರಿ ಪ್ಯಾದೆ ಎತ್ತಿ ಕುದುರೆಯ ದಾರಿಗೆ ಕಾವಲಾಗಿ ಇಟ್ಟರು. “ಈಗ ಆಗಲ್ಲ ಅನ್ಸುತ್ತೆ. ನಿಮ್ ಕಂಪ್ಯೂಟರಿಗೆ ಹಾಕಿ ನೋಡಿ. ಅದೇ ನೋಡಿದ್ದು ಅಂತ ಬರೀರಿ.” ದನಿಯಲ್ಲಿ ತಮ್ಮ ತಲೆಯ ಮೇಲೆ ಇನ್ನೂ ನಂಬಿಕೆ ಪೂರ್ತಿ ಬಂದಿರಲಿಲ್ಲ. ಆ ಉಳಿದ ನಂಬಿಕೆಯನ್ನು ನಾನು ಕೊಟ್ಟು ಬರಲು ಆಗುವಂತಿರಲಿಲ್ಲ.

“ಇಂಥ ಕಾರ್ಡು ಇನ್ನೆಷ್ಟಿವೆ?” ಎಂದರು.

“ಇದೂ ಸೇರಿ ಮೂರು.”

ಒಳಗಿನಿಂದ ದಾರ ಕಟ್ಟಿದ ಕಾರ್ಡಿನ ಕಟ್ಟು ತಂದು ನನ್ನ ತೊಡೆಯ ಮೇಲಿಟ್ಟರು. “ಹುಡುಕಿ. ಸರಿ ಮಾಡಿ.”

ಊಟ ಮುಗಿಸಿ ಕೂತು ಮೂರನ್ನೂ ಹುಡುಕಿದೆ. ಮೂಲೆಯ ಸಮಯ ಹೊಡೆದುಹಾಕಿ, ಎರಡರಲ್ಲಿ ಮೊದಲ ನಡೆ ಕಂಪ್ಯೂಟರಿನದು ಎಂದು, ಮೂರನೆಯದರಲ್ಲಿ ಪೂರ್ತಿ ಕಂಪ್ಯೂಟರಿನದು ಎಂದು ಬರೆದು ಸಹಿ ಹಾಕಿದೆ, ತಾರೀಖು ಹಾಕಿದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಓದಿ, ಹಳೆಯ ತಾರೀಖು ನೋಡಿ ಅದರದರ ಜಾಗಕ್ಕೆ ಸೇರಿಸಿದರು. ದಾರ ನಾನು ಕಟ್ಟಿದೆ. ಆಗ ಮೂರೂಮುಕ್ಕಾಲು.