ಮಾನಮ್ಮನ ಪುಕ್ಕಟೆ ಟೀವಿ

ತುರ್ಭೆಯ ನಮ್ಮ ಚಾಳಿನಲ್ಲಿ ಯಾರ ಮನೆಯಲ್ಲಿ ಜಗಳ ಶುರುವಾದರೂ ಮೊದಲು ತಿಳಿಯುವುದು ಮಾನಮ್ಮನಿಗೆ. ಎರಡು ಗಲ್ಲಿ ಆಚೆ ಪಾತ್ರೆ ಬಿದ್ದರೆ ಅದು ಕೈಜಾರಿ ಬಿದ್ದದ್ದೋ, ಸಿಟ್ಟಿನಿಂದ ಎಸೆದದ್ದೋ ಎಂದು ಹೇಳಬಲ್ಲ ಕಿವಿ ಅವಳದು. ವಯಸ್ಸಾದರೂ ಆ ಕಿವಿ ಮಂದವಾಗಿಲ್ಲ, ಬಾಯಿಯ ಮಾತಂತೂ ಕೇಳಲೇಬೇಡಿ. ನಾನು ಯೋಗೀಶ, ಕಾಪು ಕಡೆಯವನು, ಅವಳ ಎದುರು ಮನೆಯಲ್ಲಿ ಇಡ್ಲಿ, ವಡೆ ಮಾಡಿ ಮಾರುತ್ತೇನೆ. ನನ್ನ ಕನ್ನಡ ಕೇಳಿದರೆ ಅವಳಿಗೆ ನಗು. "ಅಣ್ಣಾರ, ನೀವು ಮಾತಾಡಿದ್ರ ಸಾಲಿ ಪುಸ್ತಕ ಓದಿದಂಗ ಇರ್ತೈತಿ," ಎನ್ನುತ್ತಾಳೆ. ನನಗೆ ಮೈಯೆಲ್ಲ ಉರಿಯುತ್ತದೆ.

ಅವಳು ಲಿಂಗಸುಗೂರು ಕಡೆಯಿಂದ ಗಂಡ ಬಾಲಪ್ಪನ ಹಿಂದೆ ಈ ಮರಾಠಿ ಸೀಮೆಗೆ ಬಂದವಳು. ಅವನು ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತ, ಇವಳು ಘಣಸೋಲಿಯ ಕಟ್ಟಡಗಳಿಗೆ ಇಟ್ಟಿಗೆ ಹೊತ್ತಳು. ಆ ಕಡೆ ಹೋದಾಗಲೆಲ್ಲ ಕೈಯೆತ್ತಿ "ಅದು ನಂದು, ಇದೂ ನಂದು" ಎಂದು ತೋರಿಸುತ್ತಾಳೆ, ಬಿಲ್ಡರನ ಅವ್ವನ ಹಾಗೆ. ಈಗ ಮೊಣಕಾಲು ಹಿಡಿದುಕೊಂಡು ಮನೆಯಲ್ಲೇ ಇರುತ್ತಾಳೆ. ಮಗ ಅಂಬರೀಶನೂ ಸೊಸೆಯೂ ಕೆಲಸಕ್ಕೆ ಹೋದ ಮೇಲೆ ಪುಟ್ಟ ಮೊಮ್ಮಗಳು ದಾನೇಶ್ವರಿಯನ್ನು ನೋಡಿಕೊಳ್ಳುವವಳು ಇವಳೇ.

ಆ ಮೊಮ್ಮಗಳದ್ದೇ ಅವಳಿಗೆ ಚಿಂತೆ. ಹುಡುಗಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿ ತೆರೆದರೆ ಮಾತ್ರ ಹಿಂದಿ. ಅಜ್ಜಿ "ಉಂಡೇನವಾ?" ಎಂದರೆ "ಖಾ ಲಿಯಾ, ದಾದಿ" ಎಂಬ ಉತ್ತರ. ಸಂಜೆ ಕನ್ನಡ ಧಾರಾವಾಹಿ ಬರುವಾಗ ಮಾತ್ರ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಅಲುಗಾಡದೆ ನೋಡುತ್ತಿದ್ದಳು. ಮಾನಮ್ಮ ದಿನವಿಡೀ ಕಾಯುತ್ತಿದ್ದುದು ಆ ಹೊತ್ತಿಗೆ.

ಹೀಗಿರುವಾಗ ಅಂಬರೀಶ ಒಂದು ದಿನ ಟೀವಿಯ ರೀಚಾರ್ಜ್ ನಿಲ್ಲಿಸಿಬಿಟ್ಟ. "ಎಲ್ಲಾರ ಕೈಯಾಗೂ ಮೊಬೈಲ್ ಐತವ್ವಾ. ಈ ಡಬ್ಬಿಗೆ ರೊಕ್ಕ ಯಾಕ ಸುರೀಬೇಕು? ಟೀವಿ ಭಂಗಾರದವಗ ಕೊಡ್ತೀನಿ, ಜಾಗಾನರ ಆಗ್ತೈತಿ."

ಭಂಗಾರವೆಂದರೆ ನಮ್ಮಲ್ಲಿ ಗುಜರಿ. ಮಾನಮ್ಮ ಅವತ್ತು ಜಗಳವಾಡಲಿಲ್ಲ. ಅದನ್ನು ನೋಡಿಯೇ ನನಗೆ ಹೆದರಿಕೆಯಾಯಿತು. ನನ್ನ ಬಾಗಿಲಿಗೆ ಬಂದು ಕುಳಿತು, "ಅಣ್ಣಾರ, ಟೀವಿ ಹೋದ್ರ ಈ ಕೂಸಿಗೆ ಕನ್ನಡ ಕೇಳ್ಸಾಕ ನಾ ಒಬ್ಬಾಕಿನ ಉಳೀತೀನಿ. ನಾ ಹ್ವಾದ ಮ್ಯಾಲ?" ಎಂದಳು. ನನ್ನ ಮಕ್ಕಳದ್ದೂ ಅದೇ ಕತೆ.

"ಫ್ರೀ ಡಿಶ್ ಉಂಟಲ್ಲ ಮಾರಾಯ್ತಿ!" ಎಂದೆ. "ಹೊಸ ಡಬ್ಬಿ ಒಂದು ಸಲ ತಗೊಂಡ್ರೆ ಆಯ್ತು. ಮತ್ತೆ ರೀಚಾರ್ಜ್ ಗೀಚಾರ್ಜ್ ಎಂತದೂ ಬೇಡ. ಚಂದನ ಬರ್ತದೆ."

ಎದುರು ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಂಬರೀಶ ನಕ್ಕ. "ಪುಕ್ಕಟ ಸಿಕ್ರ ನನಗೂ ಇರ್ಲಿ, ನಮ್ಮಪ್ಪಗೂ ಇರ್ಲಿ! ಪುಕ್ಕಟ ಟೀವ್ಯಾಗ ಏನ್ ಬರ್ತೈತಿ, ಮಣ್ಣು? ಆತು, ಐತವಾರದ ತನಕ ಟೈಮ್. ಕನ್ನಡ ಬಂದ್ರ ಟೀವಿ ಇರ್ಲಿ. ಬರ್ಲಿಲ್ಲಂದ್ರ ಭಂಗಾರ."

ಶನಿವಾರ ಮೆಕ್ಯಾನಿಕ್ ಯತಿನ್ ಬಂದ. ಮಾಳಿಗೆ ಹತ್ತಿ, ಅದೇ ಹಳೆಯ ಡಿಶ್ಶನ್ನು ಸ್ವಲ್ಪ ಮೂಡಣಕ್ಕೆ ತಿರುಗಿಸಿದ. ಕೆಳಗೆ ಹೊಸ ಡಬ್ಬಿ ಜೋಡಿಸಿದ. ಚಂದನ ಬಂದೇಬಿಟ್ಟಿತು! ಮಾನಮ್ಮ ಚಾಳಿನವರಿಗೆಲ್ಲ ಸಕ್ಕರೆ ಹಂಚಿದಳು. ಮಗ, ಸೊಸೆ ಇನ್ನೂ ಕೆಲಸದಿಂದ ಬಂದಿರಲಿಲ್ಲ.

ಬಂದು ನೋಡಿದರೆ ಟೀವಿಯಲ್ಲಿ ನೀಲಿ ಪರದೆ. ಚಿತ್ರವೂ ಇಲ್ಲ, ದನಿಯೂ ಇಲ್ಲ. ಯತಿನ್‌ಗೆ ಫೋನು ಹಚ್ಚಿದರೆ ಸ್ವಿಚ್ ಆಫ್. ಯಾರದೋ ಮದುವೆಗೆಂದು ಕಲ್ಯಾಣ ಎಂಬ ಊರಿಗೆ ಹೋಗಿದ್ದನಂತೆ. "ನೋಡವ್ವಾ, ನಾ ಹೇಳಿದ್ದಿಲ್ಲ?" ಎಂದು ಅಂಬರೀಶ ಮೀಸೆಯಡಿಯಲ್ಲೇ ನಕ್ಕ. ಭಾನುವಾರ ಬೆಳಿಗ್ಗೆ ಎದ್ದವನೇ ಗುಜರಿಯವನನ್ನು ಕೈಗಾಡಿ ಸಮೇತ ಕರೆದುಕೊಂಡು ಬಂದ.

ಮಾನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಾಳಿಗೆಯ ಏಣಿ ಹತ್ತಿಯೇಬಿಟ್ಟಳು. ಮೊಣಕಾಲು ನೋವು ಎಲ್ಲಿ ಹೋಯಿತೋ ದೇವರೇ ಬಲ್ಲ. ನಾನೂ ಹಿಂದೆ ಹೋದೆ. "ಸ್ವಲ್ಪ ತಿರುಗಿಸಿ ನೋಡುವಾ," ಎಂದು ಡಿಶ್ಶಿಗೆ ಕೈ ಹಾಕಿದರೆ, "ಮುಟ್ಟಬ್ಯಾಡ್ರಿ! ಹುಡುಗ ಇಟ್ಟು ಹ್ವಾದಂಗ ಇರ್ಲಿ," ಎಂದು ಗದರಿದಳು. ನನಗೆ ಕೋಪ ನೆತ್ತಿಗೇರಿತು. ಉಪಕಾರಕ್ಕೆ ಬಂದವನಿಗೆ ಇದು ಮರ್ಯಾದೆಯೇ? ಸುಮ್ಮನೆ ವಯರನ್ನು ಅಲ್ಲಾಡಿಸಿ ನೋಡಿದೆವು.

"ಬಂತೇನವಾ?" ಎಂದು ಅವಳು ಮೇಲಿನಿಂದ ಕೂಗಿದಳು.

"ನಹೀ ಆಯಾ, ದಾದಿ!" ಎಂದಳು ಮೊಮ್ಮಗಳು ಕೆಳಗಿನಿಂದ. ಮತ್ತೆ ಅಲ್ಲಾಡಿಸಿದೆವು. ಮತ್ತೆ ಅದೇ ಉತ್ತರ. ಗುಜರಿಯವ ಗಾಡಿಗೆ ಹಗ್ಗ ಬಿಗಿಯತೊಡಗಿದ.

ಮಾನಮ್ಮ ಡಿಶ್ಶಿನ ಪಕ್ಕ ಕುಕ್ಕರಿಸಿದಳು. ಕಣ್ಣಲ್ಲಿ ನೀರು ತುಂಬಿತ್ತು. ಅವಳ ಬೈಗುಳ ಎಷ್ಟು ಬೇಕಾದರೂ ಕೇಳಬಹುದು, ಅಳುವುದನ್ನು ನೋಡಲು ನನ್ನಿಂದಾಗದು.

ಆಗ ಗಲ್ಲಿಯಿಂದ ಬಾಲಪ್ಪನ ದನಿ ಕೇಳಿಸಿತು. ಈ ಮನುಷ್ಯ ಮಾತಾಡುವುದೇ ಅಪರೂಪ. ಮನೆ ಹೊತ್ತಿ ಉರಿದರೂ "ಹೂಂ" ಎನ್ನುವ ಪೈಕಿ. ಭಾನುವಾರ ಮಾತ್ರ ಸ್ನಾನ ಮಾಡಿ ಮಟನ್ ತರಲು ಹೊರಡುತ್ತಾನೆ. ಅವತ್ತು ಬರಿಗಾಲಲ್ಲಿ ನಿಂತು ಕೂಗುತ್ತಿದ್ದ: "ನನ್ನ ಹಳೇ ಚಪ್ಪಲಿ ಎಲ್ಲೈತಿ?"

ಮಾನಮ್ಮ ನಾಲಗೆ ಕಚ್ಚಿಕೊಂಡಳು. ಚಪ್ಪಲಿ ನಮ್ಮ ಕಣ್ಣೆದುರಿಗೇ ಇತ್ತು. ಕಟ್ಟಡದ ಕೆಲಸದವರ ಪದ್ಧತಿ ಅದು. ಹೊಸ ಕಟ್ಟಡ ಎದ್ದರೆ ದೃಷ್ಟಿ ತಾಗದಿರಲೆಂದು ಹಳೆಯ ಚಪ್ಪಲಿ, ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುತ್ತಾರೆ. ಅವಳು ಜೀವಮಾನವಿಡೀ ಕಟ್ಟಿದವಳು. ಶನಿವಾರ ಸಕ್ಕರೆ ಹಂಚಿ ಮುಗಿಸಿ, ಇಷ್ಟೊಂದು ಜನ ನೋಡಿ ಹೋದರಲ್ಲ ಎಂದು ಡಿಶ್ಶಿಗೂ ಕಟ್ಟಿದ್ದಳು. ಕಟ್ಟಿದ್ದಾದರೂ ಎಲ್ಲಿ? ತಟ್ಟೆಯ ಎದುರಿಗೆ ಕೋಲಿನ ತುದಿಯಲ್ಲಿ ಒಂದು ಮೂತಿ ಇರುತ್ತದಲ್ಲ, ಸರಿಯಾಗಿ ಅದರ ಬಾಯಿಗೆ. "ಎಲ್ಲಾ ಅಲ್ಲಿಂದನ ಒಳಗ ಬರ್ತೈತಿ ಅಂದಿದ್ದ ಆ ಹುಡುಗ. ದೃಷ್ಟೀನೂ ಅಲ್ಲಿಂದನ ಬರ್ತೈತಲ್ಲ, ಅದಕ ಬಾಗಲದಾಗ ತಡದೀನಿ," ಎಂದಳು. ನನಗೂ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ. ಇಲ್ಲಿ ಯಾವ ಕಟ್ಟಡ ನೋಡಿದರೂ ಒಂದು ಚಪ್ಪಲಿ ನೇತಾಡುತ್ತಲೇ ಇರುತ್ತದೆ.

"ನಂಗ ಚಪ್ಪಲಿ ಬೇಕು," ಎಂದ ಬಾಲಪ್ಪ. ಹೊಸದು ಕಾಲು ಕಚ್ಚುತ್ತದಂತೆ.

"ಥೂ, ನಿನ್ನ ಚಪ್ಪಲಿಗಿಷ್ಟು ಬೆಂಕಿ ಹಚ್ಚ!" ಎನ್ನುತ್ತ ಮಾನಮ್ಮ ದಾರ ಕಿತ್ತು, ಚಪ್ಪಲಿ, ನಿಂಬೆಹಣ್ಣು ಎಲ್ಲವನ್ನೂ ಗಂಡನ ಕಾಲ ಬುಡಕ್ಕೆ ಎಸೆದಳು.

ಅಷ್ಟೇ. ಕೆಳಗಿನಿಂದ ಯಾರೋ ಗಂಡಸು ಕುರಿಗಳಿಗೆ ಬರುವ ರೋಗದ ಬಗ್ಗೆ ಗಟ್ಟಿಯಾಗಿ, ಸ್ವಚ್ಛ ಕನ್ನಡದಲ್ಲಿ ಹೇಳತೊಡಗಿದ. ಚಾಳಿನಲ್ಲಿ ಒಬ್ಬರ ಮನೆಯಲ್ಲೂ ಕುರಿಯಿಲ್ಲ. ಆದರೂ ಎಲ್ಲರೂ ಓ ಎಂದು ಚಪ್ಪಾಳೆ ತಟ್ಟಿದರು. ಅಂಬರೀಶ ಬಾಗಿಲಲ್ಲಿ ತಲೆ ಕೆರೆದುಕೊಳ್ಳುತ್ತ ನಿಂತ. ಕಡೆಗೆ ಹಳೆಯ ರೀಚಾರ್ಜ್ ಡಬ್ಬಿಯನ್ನು ತಾನೇ ತಂದು ಗುಜರಿಯವನ ಗಾಡಿಗೆ ಹಾಕಿದ.

ಅಷ್ಟರಲ್ಲಿ ದಾನೇಶ್ವರಿ ಅಪ್ಪನ ಕಾಲಸಂದಿಯಿಂದ ತೂರಿ ಗಲ್ಲಿಗೆ ಓಡಿ ಬಂದಳು. ಮುಖ ಮೇಲೆತ್ತಿ, ಕೈ ಬೀಸುತ್ತ ಕೂಗಿದಳು:

"ಅಜ್ಜೀ! ಬಂತು! ಮತ್ತ ಚಪ್ಪಲಿ ಕಟ್ಟಬ್ಯಾಡ!"

ಮಾನಮ್ಮ ಏಣಿಯ ಮೇಲೆ ಒಂದು ಕಾಲಿಟ್ಟವಳು ಹಾಗೆಯೇ ನಿಂತಳು. ನನ್ನ ಕಡೆ ತಿರುಗಿ ನೋಡಿದಳು. ಮೂಗು ಕೆಂಪಾಗಿತ್ತು. ಆಮೇಲೆ, ಎರಡು ಗಲ್ಲಿ ಆಚೆ ಪಾತ್ರೆ ಬಿದ್ದದ್ದು ಕೇಳುವ ಆ ಹೆಂಗಸು ಕಿವಿಗೆ ಕೈ ಅಡ್ಡ ಹಿಡಿದು, ಬಗ್ಗಿ ಕೇಳಿದಳು:

"ಏನಂದೀ? ಕೇಳವಲ್ತು, ಇನ್ನೊಮ್ಮೆ ಅನ್ನು!"