ಒಂದು ಕಿಲೋ ಹೆಚ್ಚಾದ ಪೈಲ್ವಾನ

"ಇಬ್ಬರೂ ಹೊಡೆದಾಡಾಕ ತಯಾರ ಅದಾರ. ನೋಡಾಕ ಮಂದಿ ತಯಾರ ಅದಾರ. ಹಂಗಿದ್ದ ಮ್ಯಾಲ ನಡುವ ಬ್ಯಾಡ ಅಂದಾಂವ ಯಾಂವ ರೀ ಮಾಸ್ತರ?"

ಕೇಳಿದವನು ಮಹಬೂಬ್. ನಮ್ಮ ಓಣಿಯ ಟೇಲರ್. ಮೊನ್ನೆ ಬೆಳಿಗ್ಗೆ ಹೋಟೆಲಿನಲ್ಲಿ ಮಂಡಕ್ಕಿ ವಗ್ಗಾಣಿಯ ತಟ್ಟೆ ಮುಂದಿಟ್ಟುಕೊಂಡು ಕೇಳಿದ. ಮಹಬೂಬನಿಗೆ ಉರ್ದು ಓದಲು ಬರುತ್ತದೆ, ಕನ್ನಡ ಬರುವುದಿಲ್ಲ. ಆದರೆ ಕನ್ನಡ ಪೇಪರಿನ ಚಟ ಬಿಟ್ಟಿಲ್ಲ. ಹಾಗಾಗಿ ದಿನಾ ನಾನು ಗಟ್ಟಿಯಾಗಿ ಓದಬೇಕು, ಅವನು ಕೇಳಬೇಕು. (ಆದಿತ್ಯವಾರ ಈ ಅಂಕಣವನ್ನೂ ಓದಿಸುತ್ತಾನೆ. ಬರೆದವನ ಬಾಯಿಂದಲೇ ಕೇಳುವ ಓದುಗ ನನಗಿರುವುದು ಅವನೊಬ್ಬನೇ.)

ಅವತ್ತು ಕೊನೆಯ ಪುಟದಲ್ಲಿ ಒಂದು ಸುದ್ದಿ ಇತ್ತು. ಅಮೆರಿಕದಲ್ಲಿ ನಡೆಯಬೇಕಿದ್ದ ದೊಡ್ಡದೊಂದು ಹೆವಿವೇಟ್ ಬಾಕ್ಸಿಂಗ್ ಪಂದ್ಯ ಮಾತುಕತೆಯಲ್ಲೇ ಮುರಿದುಬಿತ್ತಂತೆ. ಹಣದ ಮಾತು ಮುಗಿದಿತ್ತಂತೆ. ಊರು, ಹಾಲ್ ಎಲ್ಲ ಗೊತ್ತಾಗಿತ್ತಂತೆ. ಆಮೇಲೆ ಏನೋ ಆಗಿ ಎರಡೂ ಕಡೆಯವರು ಎದ್ದುಹೋದರಂತೆ. ಏನಾಯಿತು ಅಂತ ಪೇಪರಿನವರಿಗೂ ಗೊತ್ತಿಲ್ಲ.

ಮಹಬೂಬನ ಪ್ರಶ್ನೆಯನ್ನು ಅಲ್ಲೇ ಬಿಟ್ಟು ಕಪ್ಪು ಎತ್ತಿದೆ. ಚಹಾ ಕುಡಿದೆ. ಪುಟ ತಿರುಗಿಸಿದೆ. ಉತ್ತರ ಗೊತ್ತಿರಲಿಲ್ಲ ಅಂತಲ್ಲ. ಅಮೆರಿಕದ್ದು ಗೊತ್ತಿಲ್ಲ, ಸರಿ. ರಾಯಚೂರಿನದು ಗೊತ್ತು.

ಹೋದ ಚಳಿಗಾಲದ ಮಾತು. ಮಾನ್ವಿ ಕಡೆಯ ಮಲ್ಲಟದ ಈರಣ್ಣ ಪೈಲ್ವಾನನಿಗೂ ದೇವದುರ್ಗ ಕಡೆಯ ಅರಕೇರಾದ ಹುಸೇನಪ್ಪ ಪೈಲ್ವಾನನಿಗೂ ಕುಸ್ತಿ ಹಚ್ಚಬೇಕು ಅಂತ ನಮ್ಮೂರಿನ ಒಬ್ಬ ರೈಸ್ ಮಿಲ್ ಸಾಹುಕಾರರಿಗೆ ಹುಕ್ಕಿ ಬಂತು. ಗೆದ್ದವನಿಗೆ ಬೆಳ್ಳಿ ಕಡಗ. ಜಾಗ ಅವರದೇ ಮಿಲ್ಲಿನ ಅಂಗಳ.

ಈ ಇಬ್ಬರೂ ಹಿಂದೆ ಒಮ್ಮೆ ಕುಸ್ತಿ ಹಿಡಿದಿದ್ದರು. ಹದಿನಾಲ್ಕು ವರ್ಷದ ಹಿಂದೆ, ಮಾನ್ವಿಯಲ್ಲಿ. ಹೊತ್ತು ಮುಳುಗುವವರೆಗೂ ಯಾರ ಬೆನ್ನೂ ಮಣ್ಣಿಗೆ ಹತ್ತಲಿಲ್ಲ. ಹಿರಿಯರು ಬಿಡಿಸಿ ಇಬ್ಬರ ಕೈಯನ್ನೂ ಮೇಲೆತ್ತಿದರು. ಮಂದಿಗೆ ಅದು ಸಮಾಧಾನ. ಹಿಡಿದವರಿಗೆ? ಹದಿನಾಲ್ಕು ವರ್ಷ ಇಬ್ಬರೂ ಆ ಒಂದು ಹಿಡಿತವನ್ನು ಮನಸ್ಸಿನಲ್ಲೇ ಹಿಡಿದುಕೊಂಡು ಕೂತಿದ್ದರು.

ಇಬ್ಬರಿಗೂ ಒಬ್ಬೊಬ್ಬ ವಸ್ತಾದ್ ಇದ್ದರು. ಕುಸ್ತಿ ಕಲಿಸಿದ ಗುರು ಅನ್ನಿ, ಮ್ಯಾನೇಜರ್ ಅನ್ನಿ. ಈರಣ್ಣನಿಗೆ ಮಾನ್ವಿಯ ಶರಣಪ್ಪ ವಸ್ತಾದ್. ಹುಸೇನಪ್ಪನಿಗೆ ದೇವದುರ್ಗದ ಲಾಲ್‌ಸಾಬ್ ವಸ್ತಾದ್. ಇವರಿಬ್ಬರ ನಡುವೆ ಮಾತಾಡಲು ಒಬ್ಬ ಮನುಷ್ಯ ಬೇಕಾಗಿತ್ತು. ಮಾನ್ವಿಯವನೂ ಅಲ್ಲದ, ದೇವದುರ್ಗದವನೂ ಅಲ್ಲದ, ಜೀವನದಲ್ಲಿ ಒಮ್ಮೆಯೂ ಲಂಗೋಟಿ ಕಟ್ಟಿ ಕಣಕ್ಕೆ ಇಳಿಯದ ಮನುಷ್ಯ. ಜೊತೆಗೆ ಬರೆಯಲು ಬರಬೇಕು. ಸಾಹುಕಾರರು ನನ್ನನ್ನು ಹುಡುಕಿಕೊಂಡು ಶಾಲೆಗೇ ಬಂದರು.

"ಮಾಸ್ತರ, ನೀವು ಪೇಪರ್‌ನ್ಯಾಗ ಬರಿಯೋರು. ನಿಮ್ಮ ಮಾತು ಇಬ್ಬರೂ ಕೇಳ್ತಾರ."

ಇಂಥ ಮಾತಿಗೆ ಕರಗದ ಅಂಕಣಕಾರ ಎಲ್ಲಿದ್ದಾನೆ? ನಾನಂತೂ ಅಲ್ಲೇ ಒಪ್ಪಿಕೊಂಡೆ.

ಮೊದಲ ಮೀಟಿಂಗು ಚಹಾದ ಮೇಲೇ ನಿಂತುಹೋಯಿತು. ಮಿಲ್ಲಿನ ಆಫೀಸಿನಲ್ಲಿ ಟೇಬಲ್ಲಿನ ಆ ಕಡೆ ಶರಣಪ್ಪ, ಈ ಕಡೆ ಲಾಲ್‌ಸಾಬ್. ಎರಡು ಕಪ್ ಚಹಾ ಬಂತು. ಇಬ್ಬರೂ ಮುಟ್ಟಲಿಲ್ಲ. ಮೊದಲು ಕಪ್ಪು ಎತ್ತಿದವನು ಮಾತಿಗೆ ಹಾತೊರೆದು ಬಂದವನು ಅಂತ ಲೆಕ್ಕವಂತೆ. ಚಹಾ ಆರಿತು. ಕೆನೆ ಕಟ್ಟಿತು. ಮತ್ತೆ ಎರಡು ಕಪ್ಪು ತರಿಸಿದೆವು. ಅದೂ ಆರಿತು.

ಮೂರನೆಯ ಸಲ ನನಗೊಂದು ಐಡಿಯಾ ಹೊಳೆಯಿತು. "ನಾ ಮೂರು ಎಣಸ್ತೀನಿ. ಇಬ್ಬರೂ ಕೂಡೇ ಎತ್ತರಿ" ಅಂದೆ. ಎಣಿಸಿದೆ. ಎತ್ತಿದರು. (ಇಬ್ಬರಿಗೂ ಅರವತ್ತು ದಾಟಿತ್ತು ಎಂದು ಇಲ್ಲಿ ಹೇಳಿಬಿಡುವುದು ಒಳ್ಳೆಯದು.) ಸಾಹುಕಾರರು ನನ್ನ ಬೆನ್ನು ತಟ್ಟಿದರು. ನನಗೆ ತಲೆ ಮೇಲೆ ಎರಡು ಕೋಡು ಮೂಡಿದವು.

ಅಲ್ಲಿಂದ ಮೀಟಿಂಗಿನ ಮೇಲೆ ಮೀಟಿಂಗು. ಕಣದ ಮಣ್ಣು ಯಾವ ಊರಿನದು? ಮಾನ್ವಿಯಿಂದ ಒಂದು ಬಂಡಿ, ದೇವದುರ್ಗದಿಂದ ಒಂದು ಬಂಡಿ, ಎರಡೂ ಕಲಸಿ ಹಾಕುವುದು ಅಂತ ತೀರ್ಮಾನವಾಯಿತು. ಕಣಕ್ಕೆ ಮೊದಲು ಯಾರು ಬರಬೇಕು? ಮೊದಲು ಬಂದವನು ಕಾಯಬೇಕು, ಕಾಯುವವನು ಸಣ್ಣವನಾಗುತ್ತಾನೆ. ಇಬ್ಬರೂ ಒಟ್ಟಿಗೇ ಬರಲಿ ಅಂದೆ. ಬರುವುದಾದರೂ ಹೇಗೆ? ಅಂಗಳಕ್ಕೆ ಇದ್ದದ್ದು ಒಂದೇ ಗೇಟು. ಒಬ್ಬರ ಹಿಂದೆ ಒಬ್ಬರು ಬರಬೇಕಾಗುತ್ತದಲ್ಲ? ಸಾಹುಕಾರರು ಹಿಂದಿನ ಕಾಂಪೌಂಡ್ ಗೋಡೆಯನ್ನೇ ಒಂದಾಳು ಅಗಲ ಒಡೆಸಿಬಿಟ್ಟರು. ಮಾತುಕತೆಯಲ್ಲಿ ನಿಜಕ್ಕೂ ಆದ ಕೆಲಸ ಅಂದರೆ ಅದೊಂದೇ. ಈಗ ಅಲ್ಲಿಂದ ಮೇಕೆಗಳು ಓಡಾಡುತ್ತವೆ.

ನಾವು ಒಳಗೆ ಇಷ್ಟೆಲ್ಲ ಮಾಡುವಾಗ ಪೈಲ್ವಾನರು ಎಲ್ಲಿರುತ್ತಿದ್ದರು? ಹೊರಗೆ. ಬೇವಿನ ಗಿಡದ ಕೆಳಗೆ, ನೆಲ್ಲಿನ ಚೀಲಗಳ ಮೇಲೆ. ಪ್ರತಿ ಸಲವೂ ವಸ್ತಾದರ ಜೊತೆ ಬರುತ್ತಿದ್ದರು. ಅವರನ್ನು ಒಳಗೆ ಕರೆಯುವ ಪದ್ಧತಿ ಇರಲಿಲ್ಲ. ಮೊದಲ ದಿನ ದೂರ ದೂರ ಕೂತಿದ್ದರು. ಮೂರನೆಯ ಮೀಟಿಂಗಿನ ಹೊತ್ತಿಗೆ ಒಂದೇ ಚೀಲದ ಮೇಲೆ ಕೂತು ಶೇಂಗಾ ಸುಲಿದು ತಿನ್ನುತ್ತಿದ್ದರು.

ಒಂದು ಮಧ್ಯಾಹ್ನ ನಾನು ಕೈ ತೊಳೆಯಲು ಹೊರಗೆ ಬಂದಾಗ ಈರಣ್ಣ ಎದ್ದು ನಿಂತ. ಬಾಗಿಲಿಗೆ ಅಡ್ಡವಾಗುವಷ್ಟು ದೊಡ್ಡ ಆಳು. ದನಿ ಮಾತ್ರ ಮೆಲ್ಲಗೆ.

"ಮಾಸ್ತರ, ಎಲ್ಲಿಗಿ ಬಂತ್ರಿ ಮಾತು?"

"ಬಂತು ಬಂತು. ಇನ್ನ ಸ್ವಲ್ಪ ಅದ."

"ಲಗೂನ ಮುಗಿಸ್ರಿ. ಬಲಗಾಲಿನ ಮೊಣಕಾಲು ಕೇಳವಲ್ದು. ಈ ಚಳಿ ದಾಟಿತಂದ್ರ ನನ್ನ ಕುಸ್ತಿ ಮುಗೀತು. ಒಂದ ಸಲ ಇವನ್ನ ಹಿಡೀಬೇಕು ನೋಡ್ರಿ. ಬಿದ್ರೂ ಚಿಂತಿಲ್ಲ. ಗೊತ್ತರ ಆಗ್ತದ."

ಪಕ್ಕದಲ್ಲಿ ಹುಸೇನಪ್ಪ ಶೇಂಗಾ ಸಿಪ್ಪೆ ಊದುತ್ತ, "ನನಗೂ ಗೊತ್ತಾಗಬೇಕ್ರಿ" ಅಂದ. ನಾನು ನಕ್ಕೆ. ಮತ್ತೆ ಒಳಗೆ ಹೋದೆ.

ಅವತ್ತು ಒಳಗಿದ್ದದ್ದು ತೂಕದ ವಿಷಯ. ಈರಣ್ಣನ ಮೈ ಭಾರ ಅನ್ನುವುದು ಲಾಲ್‌ಸಾಬರ ತಕರಾರು. "ಇಬ್ಬರ ನಡುವ ಮೂರು ಕಿಲೋಕ್ಕಿಂತ ಜಾಸ್ತಿ ಫರಕ್ ಇರಬಾರ್ದು" ಅಂದರು ಅವರು. "ಐದರ ತನಕ ನಡೀಬೇಕು" ಅಂದರು ಶರಣಪ್ಪ. ಒಂದು ತಾಸು ಮೂರು, ಐದು, ಮೂರು, ಐದು. ನನಗೆ ಹಸಿವೆಯಾಗಿತ್ತು. "ನಾಕು ಮಾಡೂಣ ರೀ" ಅಂದೆ. ಇಬ್ಬರೂ ಫ್ಯಾನ್ ನೋಡಿದರು. ಆಮೇಲೆ ಹೂಂ ಅಂದರು. ನೋಟ್‌ಬುಕ್ಕಿನಲ್ಲಿ ಕೆಂಪು ಇಂಕಿನಲ್ಲಿ ಬರೆದೆ: ನಾಲ್ಕು ಕಿಲೋ. ಕೆಳಗೆ ಎರಡು ಗೆರೆ ಎಳೆದೆ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಈ ಸಾಧನೆ ಹೇಳಿದೆ. "ಅವರಿಬ್ಬರು ಎಷ್ಟು ತೂಕ ಅದಾರ?" ಅಂದಳು. ಕೇಳಿರಲಿಲ್ಲ. "ಅದು ಆಮ್ಯಾಲಿನ ಮಾತು" ಅಂದೆ. ಆಕೆ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ತೂಕದ ದಿನ ಬಂತು. ಮಾನ್ವಿ ತಕ್ಕಡಿಯನ್ನು ದೇವದುರ್ಗದವರು ನಂಬುವುದಿಲ್ಲ, ದೇವದುರ್ಗದ ತಕ್ಕಡಿಯನ್ನು ಮಾನ್ವಿಯವರು ನಂಬುವುದಿಲ್ಲ. ಹಾಗಾಗಿ ಮಿಲ್ಲಿನ ಕಾಟಾ, ಅಂದರೆ ನೆಲ್ಲಿನ ಚೀಲ ತೂಗುವ ಕಬ್ಬಿಣದ ತಕ್ಕಡಿ. ಅದರ ಮುಂದೆ ದೇವಸುಗೂರಿನ ತಾಯಪ್ಪ. ಬಂದ ನೆಲ್ಲಿಗೆಲ್ಲ ಕೈ ಹಾಕಿ, ಹಸಿ ಇದ್ದರೆ ಇಷ್ಟು ವಜಾ ಅಂತ ತೂಕದಲ್ಲಿ ಕಳೆದು ಕೂಗಿ ಹೇಳುವುದು ಅವನ ಕೆಲಸ. ಮೂವತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದಾನೆ.

ಮೊದಲು ಹುಸೇನಪ್ಪ ನಿಂತ. ತಾಯಪ್ಪ ಕಾಟಾ ಹೊಂದಿಸಿ ರಾಗ ಎಳೆದ. "ತೊಂಬತ್ತೊಂದೂ..." ಬರೆದುಕೊಂಡೆ.

ಆಮೇಲೆ ಈರಣ್ಣ. ಬಸ್ಸಿನ ಧೂಳು ಮೈಮೇಲೆ ಇಟ್ಟುಕೊಂಡು ನಾಲ್ಕು ಜನರ ಮುಂದೆ ನಿಲ್ಲಬಾರದು ಅಂತ ಮಿಲ್ಲಿನ ನಲ್ಲಿಯಲ್ಲಿ ಸ್ನಾನ ಮಾಡಿಕೊಂಡು ಬಂದಿದ್ದ. ಮೈಯಿಂದ ನೀರು ಇಳಿಯುತ್ತಿತ್ತು. ತಾಯಪ್ಪ ರೂಢಿಯಂತೆ ಭುಜಕ್ಕೆ ಕೈ ಹಾಕಿ ನೋಡಿದ. ರೂಢಿಯಂತೆಯೇ ಕೂಗಿದ.

"ತೊಂಬತ್ತಾರೂ... ಹಸಿ ಅದ, ಮೂರು ವಜಾ... ತೊಂಬತ್ಮೂರೂ!"

ಚೀಲ ಹೊರುವ ಹಮಾಲರೆಲ್ಲ ಬಿದ್ದು ಬಿದ್ದು ನಕ್ಕರು. ಸಾಹುಕಾರರು ನಕ್ಕರು. ಕಾಟಾ ಮೇಲೆ ನಿಂತಿದ್ದ ಈರಣ್ಣನೂ ಹೊಟ್ಟೆ ಕುಣಿಸಿ ನಕ್ಕ. ಶರಣಪ್ಪ ವಸ್ತಾದ್ ನಗಲಿಲ್ಲ.

"ಏನಲೇ ತಾಯಪ್ಪ, ನಮ್ಮ ಪೈಲ್ವಾನ ಅಂದ್ರ ಹಸಿ ನೆಲ್ಲು ಅಂತ ತಿಳದೀಯೇನು? ಮಾಸ್ತರ, ಪೂರಾ ತೊಂಬತ್ತಾರು ಬರೀರಿ. ಒಂದು ಗುಂಜಿ ಕಮ್ಮಿ ಆಗಬಾರ್ದು."

ಅತ್ತ ಲಾಲ್‌ಸಾಬ್ ಎದ್ದರು. "ಅರೇ, ವಜಾ ಹಿಡಿಯೋದಿದ್ರ ನಮ್ಮಾಂವಗೂ ಮೂರು ಹಿಡೀರಿ. ಅವರಿಗೊಂದು ಕಾನೂನು, ನಮಗೊಂದು ಆಗಾಂಗಿಲ್ಲ."

ಈಗ ಸ್ವಲ್ಪ ತಡೆದು ನೋಡಿ. ತಾಯಪ್ಪನ ಲೆಕ್ಕ ಹಿಡಿದರೆ ಫರಕ್ ಎರಡೇ ಕಿಲೋ. ಕುಸ್ತಿ ನಡೆಯುತ್ತಿತ್ತು. ಶರಣಪ್ಪನವರ ಮಾತು ಹಿಡಿದರೆ ಐದು. ಲಾಲ್‌ಸಾಬರ ಮಾತಿನಂತೆ ಇಬ್ಬರಿಗೂ ಮೂರು ಕಳೆದರೂ ಐದೇ, ಬರೆದದ್ದಕ್ಕಿಂತ ಒಂದು ಹೆಚ್ಚು. ಇಬ್ಬರೂ ತಮ್ಮ ತಮ್ಮ ಪೈಲ್ವಾನರ ಮರ್ಯಾದೆ ಕಾಯಲು ಹೋಗಿ ಒಂದೇ ಜಾಗಕ್ಕೆ ಬಂದು ನಿಂತಿದ್ದರು. ಅಷ್ಟು ದಿನದಲ್ಲಿ ಅವರಿಬ್ಬರ ನಡುವೆ ನಾನು ಎಣಿಸದೇ ಒಮ್ಮತವಾದದ್ದು ಅದೇ ಮೊದಲು.

ಎಲ್ಲರೂ ನನ್ನ ಕಡೆ ತಿರುಗಿದರು. ಸಾಹುಕಾರರು ಕಿವಿಯ ಹತ್ತಿರ ಬಂದು, "ಮಾಸ್ತರ, ಒಂದ ಕಿಲೋ ರೀ. ಹೂಂ ಅಂದುಬಿಡ್ರಿ" ಅಂದರು.

ನಾನು ನೋಟ್‌ಬುಕ್ ತೆರೆದೆ. ಕೆಂಪು ಇಂಕು. ಎರಡು ಗೆರೆ. "ಬರೆದದ್ದು ಬರೆದದ್ದೇ ಸಾಹುಕಾರ್ರ. ಇವತ್ತು ಇದನ್ನ ಬಿಟ್ರ ನನ್ನ ಮಾತಿಗಿ ಏನು ಬೆಲಿ ಉಳೀತು?"

ಆಗ ಕಾಟಾ ಮೇಲಿಂದ ಈರಣ್ಣ ಬಾಯಿಬಿಟ್ಟ. ಅಷ್ಟೂ ಮೀಟಿಂಗುಗಳಲ್ಲಿ ಎಲ್ಲರ ಎದುರು ಅವನಾಡಿದ್ದು ಅದೊಂದೇ ಮಾತು.

"ಒಂದ ಕಿಲೋ ಅಲ್ರಿ? ಒಂದಿನ ಉಪಾಸ ಇದ್ರ ಇಳೀತದ. ನಾಳಿಗಿ ಬಂದು ಮತ್ತ ನಿಂದರ್ತೀನಿ ತಗೋರಿ."

ಶರಣಪ್ಪನವರ ಮುಖ ಕೆಂಪಾಯಿತು. ತಮ್ಮ ಪೈಲ್ವಾನ ಉಪವಾಸ ಬಿದ್ದು ಕಣಕ್ಕೆ ಬರುವುದೇ? ಅವರು ಏನಾದರೂ ಅನ್ನುವ ಮೊದಲೇ ನಾನು ಅಂದುಬಿಟ್ಟೆ.

"ಈರಣ್ಣಾ, ನೀ ಸುಮ್ನಿರಪಾ. ದೊಡ್ಡವರು ಮಾತಾಡಾಕತ್ತಾರ."

ಅವನು ಕಾಟಾದಿಂದ ಇಳಿದ. ಅವನಿಗೆ ನಲವತ್ತೊಂದು ವರ್ಷ. ನನಗೆ ಮೂವತ್ತೆಂಟು.

ಮುಂದಿನದು ಹೇಳಲು ಹೆಚ್ಚೇನಿಲ್ಲ. ಎರಡೂ ಕಡೆಯವರು ಎದ್ದರು. ಒಬ್ಬರು ಮುಂದಿನ ಗೇಟಿನಿಂದ, ಒಬ್ಬರು ಗೋಡೆ ಒಡೆದ ಜಾಗದಿಂದ ಹೋದರು. (ಆ ದಾರಿ ಉಪಯೋಗಕ್ಕೆ ಬಂದದ್ದು ಹೀಗೆ.) ದೇವದುರ್ಗದವರು ಹೆದರಿದರು ಅಂತ ಮಾನ್ವಿಯಲ್ಲಿ ಸುದ್ದಿ. ಮಾನ್ವಿಯವರು ತೂಕದಲ್ಲಿ ಮೋಸ ಮಾಡಿದರು ಅಂತ ದೇವದುರ್ಗದಲ್ಲಿ ಸುದ್ದಿ. ಇಬ್ಬರು ವಸ್ತಾದರೂ ಮೀಸೆಯ ಮೇಲೆ ಕೈ ಹಾಕಿಕೊಂಡೇ ಓಡಾಡಿದರು. ನಾನೂ ಎದೆಯುಬ್ಬಿಸಿಕೊಂಡೇ ಮನೆಗೆ ಬಂದೆ. ಮಾತಿಗೆ ನಿಂತ ಮನುಷ್ಯನಲ್ಲವೇ?

ಚಳಿ ದಾಟಿತು.

ಹೋದ ವಾರ ಬಸ್‌ಸ್ಟ್ಯಾಂಡಿನಲ್ಲಿ ಈರಣ್ಣ ಸಿಕ್ಕ. ಮಾನ್ವಿ ಬಸ್ಸಿನಿಂದ ಇಳಿಯುತ್ತಿದ್ದ. ಒಂದು ಕೈಯಲ್ಲಿ ಬಾಗಿಲಿನ ಸರಳು, ಇನ್ನೊಂದು ಕೈಯಲ್ಲಿ ಬಡಿಗೆ. ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಇಟ್ಟು ಇಳಿದ. ನನ್ನನ್ನು ನೋಡಿ ಬಡಿಗೆಯನ್ನು ಕಂಕುಳಿಗೆ ಸಿಕ್ಕಿಸಿ ಕೈ ಮುಗಿದ. ನನಗೆ ನಾಚಿಕೆಯಾಯಿತು.

"ಆರಾಮ ಏನ್ರಿ ಮಾಸ್ತರ? ಮೊನ್ನಿ ಸಂತ್ಯಾಗ ಹುಸೇನಪ್ಪ ಸಿಕ್ಕಿದ್ದ ನೋಡ್ರಿ. ಇಬ್ಬರೂ ಕೂಡಿ ಚಾ ಕುಡಿದ್ವಿ."

"ಯಾರು ಮೊದಲು ಕುಡಿದ್ರಿ?" ಅಂದೆ. ನಗಿಸಲು ನೋಡಿದೆ.

"ಯಾರಿಗಿ ಗೊತ್ರಿ? ಬಿಸಿ ಇತ್ತು, ಕುಡಿದ್ವಿ."

ಆಮೇಲೆ ಹೊರಡಲು ತಿರುಗಿದವನು ನಿಂತ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

"ಒಂದು ಕೇಳಬೇಕಂದಿದ್ದೆ ರೀ. ಆ ನಾಕು ಕಿಲೋ ಅನ್ನೋದು ಯಾರ ಮಾತ್ರಿ ಅದು? ನಮ್ಮ ವಸ್ತಾದರದೋ ಅವರದೋ?"

"ಎಲ್ಲಾರೂ ಕೂಡಿ ಮಾಡಿದ್ದು ಈರಣ್ಣ" ಅಂದೆ.

"ಹೌದಲ್ರಿ" ಅಂದ. ಬಡಿಗೆ ಊರಿಕೊಂಡು ಹೋದ.

ಮೂರು ಲಾಲ್‌ಸಾಬರದು. ಐದು ಶರಣಪ್ಪನವರದು. ನಾಲ್ಕು ಯಾರಿಗೂ ಬೇಕಾಗಿರಲಿಲ್ಲ. ಹಸಿದ ಹೊಟ್ಟೆಯಲ್ಲಿ ನಾನು ಹುಟ್ಟಿಸಿದ ಸಂಖ್ಯೆ ಅದು. ಅದರ ಮರ್ಯಾದೆ ಕಾಯಲು ಒಬ್ಬ ಮನುಷ್ಯನ ಕೊನೆಯ ಕುಸ್ತಿಯನ್ನು ನಾನು ಕಸಿದುಕೊಂಡೆ. ಅಮೆರಿಕದಲ್ಲಿ ಹೆವಿವೇಟ್ ಅಂದರೆ ಮೇಲಿನ ಮಿತಿಯೇ ಇಲ್ಲವಂತೆ, ಎಷ್ಟು ತೂಕದವನಾದರೂ ಇಳಿಯಬಹುದಂತೆ. ಆದರೂ ಅಲ್ಲಿ ಪಂದ್ಯ ಮುರಿಯುತ್ತದೆ. ಅಲ್ಲಿಯೂ ಯಾರೋ ಒಬ್ಬ ಓದು ಬರಹ ಬಲ್ಲವನು ಟೇಬಲ್ಲಿನ ನಡುವೆ ಕೂತು ಕೆಂಪು ಇಂಕಿನಲ್ಲಿ ಎರಡು ಗೆರೆ ಎಳೆದಿರುತ್ತಾನೆ. ಇದು ನನ್ನ ಊಹೆ ಅಷ್ಟೇ.

ಇಷ್ಟನ್ನು ನಿಮಗೇನೋ ಹೇಳಿಬಿಟ್ಟೆ. ಆದರೆ ಆದಿತ್ಯವಾರ ಬೆಳಿಗ್ಗೆ ಮಹಬೂಬ್ ವಗ್ಗಾಣಿ ತಟ್ಟೆ ಮುಂದಿಟ್ಟುಕೊಂಡು "ಓದ್ರಿ ಮಾಸ್ತರ" ಅಂದಾಗ, ನಾನು ಎಲ್ಲಿಯವರೆಗೆ ಓದಿ ನಿಲ್ಲಿಸಲಿ?